ದಾವಲಬಿ ಸುಣ್ಣ ಬಿಡಿಸಿದ ಗುಮ್ಮಟ

ತಾಳಿಕೋಟೆಯಲ್ಲಿ ಒಂದು ಗೋಡೆಗೆ ಸುಣ್ಣ ಹಚ್ಚಿದವಳು ದಾವಲಬಿ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಅದಕ್ಕೆ ಬೆನ್ನು ಹಚ್ಚಿ ಕೂಡಬೇಕು ಎನ್ನುತ್ತಿದ್ದರು. ಎದ್ದಾಗ ಅಂಗಿಗೆ ಬಿಳಿ ಹತ್ತಿದ್ದರೆ ಅದು ಬೇರೆ ಯಾರದೋ ಕೆಲಸ. ಹತ್ತದಿದ್ದರೆ ದಾವಲಬಿಯದು. ಲಗ್ನ ನಿಶ್ಚಯವಾದ ಮನೆಯವರು ಬ್ಯಾಂಡಿನವರಿಗಿಂತ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಬರುತ್ತಿದ್ದದ್ದು ತಲೆಯ ಮೇಲೆ ಸುಣ್ಣದ ಕೊಡ, ಕಂಕುಳಲ್ಲಿ ನಾರಿನ ಕುಂಚ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು. ಎತ್ತರದ ಹೆಂಗಸು. ನಕ್ಕರೆ ಎರಡು ಓಣಿಗೆ ಕೇಳುತ್ತಿತ್ತು.

ಮನಗೂಳಿಯಿಂದ ಸೊಸೆಯಾಗಿ ಬಂದಾಗ ಅವಳಿಗೆ ಈ ಕೆಲಸದ ಗಂಧವೇ ಇರಲಿಲ್ಲ. ಕಲಿಸಿದವಳು ಅತ್ತೆ ಪೀರಬಿ. ಸುಣ್ಣವನ್ನು ಎಷ್ಟು ನೆನೆಯಿಟ್ಟರೆ ಅಷ್ಟು ಒಳ್ಳೆಯದು, ಹಳೆಯ ಧೋತರದಲ್ಲಿ ಸೋಸಬೇಕು, ಜಾಲಿ ಅಂಟು ಕಲಸಬೇಕು, ಕೊನೆಗೆ ಕೂಸಿಗೆ ದೃಷ್ಟಿಬೊಟ್ಟು ಇಟ್ಟಷ್ಟು ನೀಲಿ ಹಾಕಬೇಕು. ಗಂಡ ಕಾಸಿಂಸಾಬ ಊರ ಹೊರಗಿನ ಸುಣ್ಣದ ಭಟ್ಟಿಯಲ್ಲಿ ಕಲ್ಲು ಸುಡುತ್ತಿದ್ದ. ಅವನು ಸುಟ್ಟದ್ದನ್ನು ಇವಳು ಹಚ್ಚಿದಳು, ಮನೆ ನಡೆಯಿತು.

ಆ ಮನೆತನಕ್ಕೆ ಒಂದು ಸೇವೆ ತಲೆತಲಾಂತರದಿಂದ ಬಂದಿತ್ತು. ಊರ ಮೂಡಣಕ್ಕೆ, ಡೋಣಿ ಹೊಳೆಯ ಕಡೆಗಿನ ಎರೆ ಹೊಲಗಳ ನಡುವೆ ಒಂದು ಸಣ್ಣ ಗುಮ್ಮಟ. ಒಳಗೆ ಒಂದೇ ಗೋರಿ. ಮಲಗಿದವರು ಬಾದಶಾಹಿ ಕಾಲದ ಸರದಾರರೆಂದು ಕೆಲವರು, ಹಕೀಮರೆಂದು ಕೆಲವರು ಹೇಳುತ್ತಿದ್ದರು. ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ಅಜ್ಜನ ಗುಮ್ಮಟ ಎಂದೇ ಕರೆದರು. ಗುರುವಾರ ಎಲ್ಲ ಓಣಿಯ ಹೆಂಗಸರೂ ಬಂದು ಗೋರಿಯ ಮುಂದೆ ಸಕ್ಕರೆಯಿಟ್ಟು ದುವಾ ಓದಿಸಿಕೊಂಡು ಹೋಗುವರು. ಉರುಸಿನ ಮುಂಚೆ ಅದಕ್ಕೆ ಒಳಗೂ ಹೊರಗೂ ಸುಣ್ಣ ಹಚ್ಚುವುದು ಪೀರಬಿಯ ಮನೆಯವರ ಪಾಲು. ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತವರಿಗೆ ಅದು ಕರಿ ನೆಲದ ಮೇಲೆ ಕೋಳಿ ತತ್ತಿ ಇಟ್ಟಂತೆ ಕಾಣುತ್ತಿತ್ತು, ಮತ್ತು ದಾವಲಬಿ ಬಸ್ಸಿನಲ್ಲಿ ಇದ್ದಳೆಂದರೆ ಪಕ್ಕದವರಿಗೆ ಅದನ್ನು ತೋರಿಸದೆ ಬಿಡುತ್ತಿರಲಿಲ್ಲ.

ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ಮಳೆಗಾಲ ಕಳೆದಿದ್ದವು. ಆ ವರ್ಷ ಹಿಂಗಾರಿ ಮಳೆ ಜಡಿದು ಹೊಡೆದು ಗುಮ್ಮಟದ ನೆತ್ತಿ ಸೋರಿತು. ಮಳೆ ನಿಂತ ಮೇಲೆ ಕಸ ಬಳಿಯಲು ಹೋದ ದಾವಲಬಿ ನೋಡುತ್ತಾಳೆ, ಒಳಗೋಡೆಯಿಂದ ರೊಟ್ಟಿಯಗಲ ಸುಣ್ಣದ ಹಕ್ಕಳೆ ಕಳಚಿ ಬಿದ್ದಿದೆ. ಅದು ಬಿದ್ದ ಜಾಗದಲ್ಲಿ ಒಂದು ಹೂವು. ಕೆಂಪು ಎಸಳು, ಅಂಚಿಗೆ ಕೂದಲೆಳೆಯಷ್ಟು ಕಪ್ಪು ಗೆರೆ. ಯಾವನೋ ಕಿಡಿಗೇಡಿ ಬರೆದಿದ್ದಾನೆ ಎಂದು ಬೆರಳಿಗೆ ಎಂಜಲು ಹಚ್ಚಿ ತಿಕ್ಕಿದಳು. ಹೂವು ಹೋಗಲಿಲ್ಲ, ಇನ್ನೂ ಹೊಳೆಯಿತು.

ಪೀರಬಿಯನ್ನು ಕೈಹಿಡಿದು ಕರೆತಂದಳು. ಮುದುಕಿಗೆ ಕಣ್ಣು ಮಂಜು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಸುಣ್ಣದ ಮನೆಯವರ ಕೆಲಸ ಬಿಳಿ ಮಾಡುವುದು, ಬಳಿದುಬಿಡು ಎಂದಳು. ದಾವಲಬಿ ಸುಣ್ಣ ಕಲಸಿದಳು, ಕುಂಚ ಎತ್ತಿದಳು. ಕೈ ಮುಂದೆ ಹೋಗಲಿಲ್ಲ. ಇವತ್ತು ಗೋಡೆ ಹಸಿ ಇದೆ, ನಾಳೆ ಹಚ್ಚುತ್ತೇನೆ ಎಂದು ಅತ್ತೆಗೆ ಸುಳ್ಳು ಹೇಳಿ ಮನೆಗೆ ಬಂದಳು. ಬಂದವಳು ಪಕ್ಕದ ಮನೆಯ ಗುರವ್ವನಿಗೆ ಹೇಳಿದಳು. ಗುರವ್ವನಿಗೆ ಹೇಳಿದ್ದು ಬಾವಿಕಟ್ಟೆಯ ಮೇಲೆ ನಿಂತು ಹೇಳಿದಂತೆ. ಸಂಜೆಯೊಳಗೆ ಅರ್ಧ ಊರು ಹೂವು ನೋಡಿ ಬಂದಿತ್ತು.

ಮಾತು ಮುದ್ದೇಬಿಹಾಳಕ್ಕೆ ಹೋಯಿತು, ಅಲ್ಲಿಂದ ವಿಜಾಪುರಕ್ಕೆ. ಕಚೇರಿಗಳು ಆಗಷ್ಟೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದವು. ಈ ಗುಮ್ಮಟ ಯಾರ ಪಾಲಿಗೆ ಬರುತ್ತದೆ ಎಂದು ತೀರ್ಮಾನವಾಗಿ ಊರಿಗೆ ಜೀಪು ಬರುವಷ್ಟರಲ್ಲಿ ಸಂಕ್ರಮಣ ಮುಗಿದಿತ್ತು.

ಜೀಪಿನಿಂದ ಇಳಿದವರು ಧಾರವಾಡ ಕಡೆಯ ರಾಚಪ್ಪನವರು. ಹಳೆಯ ಚಿತ್ರಗಳನ್ನು ಉಳಿಸುವುದೇ ಅವರ ನೌಕರಿ. ಬಡಕಲು ಮನುಷ್ಯ, ಮೆತ್ತಗೆ ಮಾತು. ಭೂತಗನ್ನಡಿ ಹಿಡಿದು ಹೂವಿನ ಮುಂದೆ ಕೂತವರು ಊಟ ಮರೆತರು. ಗುರವ್ವ ಎರಡು ಸಲ ಕರೆದು, ಕೊನೆಗೆ ರೊಟ್ಟಿಯನ್ನು ಗುಮ್ಮಟಕ್ಕೇ ಒಯ್ದು ಕೊಟ್ಟಳು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು ರಾಚಪ್ಪನವರು ಹೇಳಿದ್ದಿಷ್ಟು: ಸುಣ್ಣದ ಕೆಳಗೆ ನಾಲ್ಕೂ ಗೋಡೆಗೆ ಚಿತ್ರ ಇರಬೇಕು. ಅದನ್ನು ನಿಧಾನ ಬಿಡಿಸಿ ತೆಗೆಯಬೇಕು. ಇನ್ನು ಮುಂದೆ ಒಳಗೆ ಯಾರೂ ಸುಣ್ಣ ಹಚ್ಚಕೂಡದು.

ದಾವಲಬಿಗೆ ಸಿಟ್ಟು ನೆತ್ತಿಗೇರಿತು. ಹೂವನ್ನು ಉಳಿಸಿದವಳು ತಾನೇ ಎಂಬುದೂ ಆ ಹೊತ್ತಿಗೆ ಮರೆತುಹೋಯಿತು.

"ನಾ ಸುಣ್ಣ ಹಚ್ಚಾಕಿರಿ ಸಾಹೇಬ್ರ," ಎಂದಳು. "ಇಲ್ಲಿ ಸುಣ್ಣ ಬ್ಯಾಡಂದ್ರ ನನ್ನ ಬ್ಯಾಡಂದಂಗ."

ರಾಚಪ್ಪನವರು ರೊಟ್ಟಿ ಮುಗಿಸಿ ಕೈ ಒರೆಸಿಕೊಂಡರು. "ಹೊರಗ ನೀವ ಹಚ್ಚರಿ, ಒಳಗ ನೀವ ಬಿಡಸ್ರಿ. ನನಗ ಕೈ ಬೇಕಾಗ್ಯಾವ. ಸುಣ್ಣದ ಸ್ವಭಾವ ಗೊತ್ತಿದ್ದ ಕೈ ಇದ್ರ ಭಾಳ ಚಲೋ."

ಊರ ಹಿರಿಯರು ಗುಮ್ಮಟದ ಕಟ್ಟೆಯ ಮೇಲೆ ಕೂಡಿದರು. ಗೋರಿ ಇರುವ ಕಡೆ ಚಿತ್ರ ಇರುವುದು ಸರಿಯೇ ಎಂದು ಒಬ್ಬರು ಕೇಳಿದರು. ರಾಚಪ್ಪನವರು ಅವರೆದುರೇ ಇನ್ನೊಂದು ಅಂಗೈಯಗಲ ಬಿಡಿಸಿ ತೋರಿಸಿದರು. ಎಲೆ, ಬಳ್ಳಿ, ಮೊಗ್ಗು. ಎಲ್ಲರಿಗಿಂತ ಹಿರಿಯರು ಕಣ್ಣು ಕಿರಿದು ಮಾಡಿ ನೋಡಿ, ಇದು ತೋಟ, ಅಜ್ಜನನ್ನು ತೋಟದಲ್ಲಿ ಮಲಗಿಸಿದ್ದಾರೆ, ನಾವೇ ಸುಣ್ಣ ಹಚ್ಚಿ ಅದರ ಬಾಗಿಲು ಮುಚ್ಚಿದ್ದೆವು ಎಂದರು. ಅಲ್ಲಿಗೆ ಮಾತು ಮುಗಿಯಿತು. ಹೊರಗೆ ಬಿಳಿ, ಒಳಗೆ ತೋಟ.

ಬಿಡಿಸುವ ಕೆಲಸ ಹಚ್ಚುವ ಕೆಲಸದಂತಲ್ಲ ಎಂಬುದು ದಾವಲಬಿಗೆ ಮೊದಲ ದಿನವೇ ಗೊತ್ತಾಯಿತು. ರಾಚಪ್ಪನವರು ಹೊರಗಿನ ಒಂದು ಮೂಲೆಯಲ್ಲಿ ಬಣ್ಣ ಹಚ್ಚಿ, ಅದರ ಮೇಲೆ ಸುಣ್ಣ ಹಚ್ಚಿಸಿ, ಒಣಗಿದ ಮೇಲೆ ಸಣ್ಣ ಚಾಕು ಕೊಟ್ಟು ಬಿಡಿಸಿರಿ ಎಂದರು. ಇಡೀ ಗೋಡೆಯನ್ನು ನಾಲ್ಕು ಬೀಸಿನಲ್ಲಿ ಮುಗಿಸುವ ತೋಳು ಅದು. ಸುಣ್ಣ ಬಂತು, ಬಣ್ಣ ಬಂತು, ಗೋಡೆಯ ಗಿಲಾವೂ ಬಂತು. ಮರುದಿನವೂ ಅದೇ ಕತೆ. ರಾಚಪ್ಪನವರು ಬೈಯಲಿಲ್ಲ. ಚಾಕು ಮಲಗಿಸಿ ಹಿಡಿಯಬೇಕು, ಸುಣ್ಣ ತಾನಾಗಿ ಏಳುವ ಕಡೆಯಿಂದ ಒಳಗೆ ಹೋಗಬೇಕು, ಏಳದಿದ್ದರೆ ಬಿಟ್ಟು ಪಕ್ಕಕ್ಕೆ ಹೋಗಬೇಕು ಎಂದು ತೋರಿಸಿದರು, ಮತ್ತೆ ತೋರಿಸಿದರು. ರಾಚಪ್ಪನವರ ಬೆರಳುಗಳು ಗೋಡೆಯ ಮೇಲೆ ಹೇಗೆ ಓಡಾಡುತ್ತವೆ ಎಂದು ದಾವಲಬಿ ಕಣ್ಣು ಮಿಟುಕಿಸದೆ ನೋಡಿದಳು. ಮಗಳು ಸಾಬೀರಾ ಕೂಸಿದ್ದಾಗ ಮಲಗಿದವಳ ಕಣ್ಣಿನ ಪಿಸುರು ತೆಗೆಯುತ್ತಿದ್ದದ್ದು ಅವಳಿಗೆ ನೆನಪಾಯಿತು. ಕೂಸು ಏಳಬಾರದು, ಪಿಸುರು ಬರಬೇಕು. ಆ ಕೈಯನ್ನು ಗೋಡೆಗೆ ತಂದಳು. ಉಗುರಿನಷ್ಟು ಸುಣ್ಣ ಪಟ್ಟನೆ ಎದ್ದು ಬಂತು, ಕೆಳಗೆ ಬಣ್ಣ ಇದ್ದಂತೆ ಇತ್ತು. ಅವತ್ತು ಅವಳ ನಗು ಗುಮ್ಮಟದೊಳಗೆ ಸುತ್ತು ಹೊಡೆದು ಹಲವು ಸಲ ತಿರುಗಿ ಬಂತು.

ಒಳಗೆ ಕತ್ತಲೆ. ದೀಪ ಹಚ್ಚಿದರೆ ಮಸಿ ಏರುತ್ತದೆಂದು ರಾಚಪ್ಪನವರು ಬಾಗಿಲ ಹೊರಗೆ ದೊಡ್ಡ ಕನ್ನಡಿ ಇಡಿಸಿ ಬಿಸಿಲನ್ನು ಒಳಗೆ ಹಾಯಿಸಿದರು. ಬಿಸಿಲು ಸರಿದಂತೆ ಕನ್ನಡಿ ತಿರುಗಿಸುವುದು ಗುರವ್ವನ ಕೆಲಸ. ಗುರವ್ವ ಒಳ್ಳೆಯ ಮಾತುಗಾರ್ತಿ. ಹಾದಿಯಲ್ಲಿ ಯಾರಾದರೂ ಸಿಕ್ಕು ಮಾತು ರಂಗೇರಿತೆಂದರೆ ಬಿಸಿಲು ಗೋಡೆ ಬಿಟ್ಟು ಗುಮ್ಮಟದ ನೆತ್ತಿಗೆ ಹೋಗಿಬಿಡುತ್ತಿತ್ತು. ಒಳಗಿನಿಂದ ದಾವಲಬಿ ಕೂಗುವಳು, ಬಿಸಿಲು ಕೆಳಗಿಳಿದು ಬರುವುದು.

ಬಿಡಿಸುತ್ತ ಹೋದಂತೆ ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. ಹಕ್ಕಳೆಯ ಅಂಚು ನೋಡಿದರೆ ಪುಸ್ತಕದ ಹಾಳೆಗಳಂತೆ ಪದರು ಮೇಲೆ ಪದರು. ಮೇಲಿನವು ಅವಳವೇ. ಸಾಬೀರಾ ಹೊಟ್ಟೆಯಲ್ಲಿದ್ದ ವರ್ಷ ತಲೆ ತಿರುಗಿ ನೀಲಿ ಹೆಚ್ಚು ಸುರಿದದ್ದು ಇಲ್ಲಿ ಹಾಗೇ ಕೂತಿತ್ತು. ಅದರ ಕೆಳಗೆ ಹದವಾದ, ಗಟ್ಟಿಯಾದ ಪೀರಬಿಯ ಪದರುಗಳು. ಅವುಗಳ ಕೆಳಗೆ ಪೀರಬಿಯ ಅತ್ತೆಯವು. ಆ ಅತ್ತೆಯ ಮಾತು ಮನೆಯಲ್ಲಿ ಇನ್ನೂ ನಡೆಯುತ್ತಿತ್ತು: ನನ್ನ ಸುಣ್ಣದಲ್ಲಿ ಕುಂಚದ ಒಂದು ನಾರೂ ಉಳಿಯುವುದಿಲ್ಲ ಎಂದು ಬದುಕಿದ್ದಷ್ಟು ದಿನ ಪೀರಬಿಯನ್ನು ಗೋಳುಹೊಯ್ದುಕೊಂಡಿದ್ದಳಂತೆ. ಒಂದು ಮಧ್ಯಾಹ್ನ ಆಕೆಯ ಪದರಿನ ನಡುವೆಯೇ ಬೆರಳುದ್ದದ ನಾರು ಸಿಕ್ಕಿತು. ದಾವಲಬಿ ಅದನ್ನು ಜೋಪಾನವಾಗಿ ತೆಗೆದು ಮನೆಗೆ ಒಯ್ದು ಅತ್ತೆಯ ಕೈಯಲ್ಲಿಟ್ಟಳು. ಮುದುಕಿ ನಾರನ್ನು ಮುಟ್ಟಿ ಮುಟ್ಟಿ ನೋಡಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಅದನ್ನು ಎಲೆ ಅಡಿಕೆಯ ಸಂಚಿಯಲ್ಲಿ ಕಟ್ಟಿಟ್ಟುಕೊಂಡಳು. ಮರುದಿನದಿಂದ ಚಿತ್ರದ ಕೆಲಸಕ್ಕೆ ಅವಳ ತಕರಾರು ಇರಲಿಲ್ಲ.

ಗೋಡೆ ತೆರೆಯಿತು. ಕಮಾನುಗಳ ಒಳಗೆ ಹೂದಾನಿಗಳು, ಹೂದಾನಿಯಿಂದ ಎದ್ದ ದಾಳಿಂಬೆ ಕೊಂಬೆಗಳು, ಕಮಾನಿನ ಸುತ್ತ ದ್ರಾಕ್ಷಿ ಬಳ್ಳಿ. ಒಂದು ಕೊಂಬೆಯ ಮೇಲೆ ಹಕ್ಕಿಯೊಂದು ಕಾಣತೊಡಗಿದಾಗ ಗೋರಿಯ ಬಳಿ ಜೀವವಿದ್ದದ್ದರ ಚಿತ್ರ ಸಲ್ಲದೇನೋ ಎಂದು ದಾವಲಬಿ ಹೆದರಿ ಹಿರಿಯರನ್ನು ಕರೆಸಿದಳು. ತೋಟ ಎಂದ ಮೇಲೆ ಹಕ್ಕಿ ಬಾರದೆ ಇರುತ್ತದೆಯೇ ಎಂದು ಅವರು ನಕ್ಕು ಹೋದರು.

ತೊಂದರೆ ಬಂದದ್ದು ಆ ಹಕ್ಕಿಯಿಂದಲೇ. ಅದರ ಮೈ ಹಸಿರು, ರೆಕ್ಕೆ ನೀಲಿ. ರೆಕ್ಕೆಯ ಮೇಲಿನ ಸುಣ್ಣ ಸಲೀಸಾಗಿ ಎದ್ದು ಬಂದಿತೆಂದು ದಾವಲಬಿ ಹಿಗ್ಗಿದಳು. ಕೈಯಲ್ಲಿದ್ದ ಹಕ್ಕಳೆಯನ್ನು ತಿರುವಿ ನೋಡಿದರೆ ನೀಲಿ ರೆಕ್ಕೆ ಅದರ ಬೆನ್ನಿಗೆ ಅಂಟಿಕೊಂಡು ಬಂದಿದೆ, ಗೋಡೆಯ ಮೇಲೆ ಬರೀ ಗಿಲಾವು. ಅವಳು ಹಕ್ಕಳೆಯನ್ನು ಅರಿವೆಯ ಮೇಲಿಟ್ಟು ನಿಂತು ಕೆಲಸ ಮಾಡಲು ಕಟ್ಟಿದ್ದ ಅಟ್ಟದಿಂದ ಇಳಿದು ಮನೆಗೆ ಹೋದಳು. ಮರುದಿನ ಬರಲಿಲ್ಲ.

ರಾಚಪ್ಪನವರೇ ಅವಳ ಮನೆಗೆ ಬಂದರು. ಹೊರಸಿನ ಮೇಲೆ ಕೂತು ಚಹಾ ಕುಡಿದರು. ದಾವಲಬಿ ಬಾಗಿಲ ಹಿಂದೆ ನಿಂತಿದ್ದಳು.

"ಆ ನೀಲಿ ಬಣ್ಣದಾಗಿನ ಅಂಟು ಸತ್ತು ಎಷ್ಟೋ ಕಾಲ ಆಗೇದ," ಎಂದರು ಅವರು. "ಅದು ಗೋಡಿ ಬಿಟ್ಟು ನಿಮ್ಮ ಸುಣ್ಣಾ ಹಿಡಕೊಂಡು ಕುಂತಿತ್ತು. ನಾ ತಗದಿದ್ರೂ ಹಂಗ ಬರ್ತಿತ್ತು. ಮೊದಲ ಅದಕ್ಕ ಅಂಟು ಕುಡಸಬೇಕಿತ್ತು, ಅದನ್ನ ನಾ ನೋಡಬೇಕಿತ್ತು. ಬರ್ರಿ, ಬಂದದ್ದನ್ನ ಹೊಳ್ಳಿ ಕೂಡಸೋಣು."

ಇಬ್ಬರೂ ಕೂಡಿ ಆ ಹಕ್ಕಳೆಯನ್ನು ಗೋಡೆಗೆ ಮರಳಿಸಿದರು. ರಾಚಪ್ಪನವರು ಡಾಕ್ಟರ ಸೂಜಿಯಿಂದ ಹಿಂದೆ ಅಂಟು ಬಿಟ್ಟರು, ಅವಳು ಅರಳೆಯ ಉಂಡೆಯಿಂದ ಉಸಿರು ಬಿಗಿಹಿಡಿದು ಒತ್ತಿದಳು. ರೆಕ್ಕೆ ಅರ್ಧ ಕೂತಿತು, ಅರ್ಧ ಪುಡಿಯಾಗಿ ಹೋಗಿತ್ತು. ಹೋದ ಕಡೆ ರಾಚಪ್ಪನವರು ಗೋಡೆಯದೇ ಬಣ್ಣದ ತೆಳು ಗಿಲಾವು ತುಂಬಿ ಕೈ ತೊಳೆದುಕೊಂಡರು. ಒಂದು ಎಳೆ ಬರೆದರೆ ರೆಕ್ಕೆ ಪೂರಾ ಆಗುತ್ತದಲ್ಲ ಎಂದು ದಾವಲಬಿ ಕೇಳಿದಳು. ನಾವು ಬರೆದರೆ ಅದು ನಮ್ಮ ಹಕ್ಕಿಯಾಗುತ್ತದೆ, ಅವರದಾಗುವುದಿಲ್ಲ, ಅವರು ಬರೆದದ್ದು ಎಷ್ಟು ಉಳಿದಿದೆಯೋ ಅಷ್ಟನ್ನು ಕಾಯುವುದು ನಮ್ಮ ಕೆಲಸ ಎಂದರು ರಾಚಪ್ಪನವರು. ಅವಳಿಗೆ ಈ ಮಾತು ಅರ್ಧ ಸೇರಿತು, ಅರ್ಧ ಸೇರಲಿಲ್ಲ.

ಪೂರಾ ಸೇರಿದ್ದು ಬಸಣ್ಣ ಬಂದ ದಿನ.

ಬಸಣ್ಣನೆಂದರೆ ತಾಳಿಕೋಟೆ ಪೇಟೆಯ ದೊಡ್ಡ ಅರಿವೆ ಅಂಗಡಿಯವನು. ಕೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಊರಿನ ಯಾವ ಲಗ್ನಕ್ಕೂ ಒಂದು ಸೀರೆ ಅವನ ಕಡೆಯಿಂದ ಹೋಗುತ್ತಿತ್ತು. ಗುಮ್ಮಟ ನೋಡಲು ಬಂದವನಿಗೆ ಅರ್ಧ ರೆಕ್ಕೆಯ ಹಕ್ಕಿ, ಮುಕ್ಕಾದ ಹೂದಾನಿ ನೋಡಲಾಗಲಿಲ್ಲ. ತಾಟಿನಲ್ಲಿ ಅರ್ಧ ಊಟ ಬಡಿಸಿ ಎಬ್ಬಿಸಿದಂತಾಯಿತು ಎಂದ. ರಾಚಪ್ಪನವರು ಸಾಮಾನು ತರಲು ವಿಜಾಪುರಕ್ಕೆ ಹೋಗಿದ್ದ ದಿನವೇ ಅವನು ಚಿತ್ರ ಪೂರಾ ಮಾಡಿಸಲು ಮುದ್ದೇಬಿಹಾಳದಿಂದ ಬೀರಣ್ಣನನ್ನು ಕರೆಸಿದ. ಬೀರಣ್ಣ ಅಂಗಡಿಗಳ ಬೋರ್ಡು, ಲಾರಿಗಳ ಬೆನ್ನು ಬರೆಯುವವನು, ಆ ಕೆಲಸದಲ್ಲಿ ಸುತ್ತಲೂ ಹೆಸರಾದವನು. ಚಕ್ಕಡಿಯಲ್ಲಿ ಎಣ್ಣೆ ಬಣ್ಣದ ಡಬ್ಬಿಗಳು, ಮುಂದೆ ಬಸಣ್ಣ, ಹಿಂದೆ ಕುಂಚಗಳನ್ನು ಮಡಿಲಲ್ಲಿಟ್ಟುಕೊಂಡ ಬೀರಣ್ಣ.

ದಾವಲಬಿ ಹೊರಗೋಡೆಗೆ ಸುಣ್ಣ ಅಣಿ ಮಾಡುತ್ತಿದ್ದಳು. ಉರುಸು ಹತ್ತಿರ ಬಂದಿತ್ತು. ಚಕ್ಕಡಿ ಹೊಲದ ಹಾದಿಗೆ ತಿರುಗಿದ್ದು ಕಂಡಿತು, ಡಬ್ಬಿಗಳೂ ಕಂಡವು. ಬಸಣ್ಣನಿಗೆ ಬೇಡ ಎನ್ನುವ ಬಾಯಿ ಊರಲ್ಲಿ ಯಾರಿಗೂ ಇರಲಿಲ್ಲ, ಅವಳಿಗೂ ಇಲ್ಲ. ಗುರವ್ವನನ್ನು ಕರೆದು, ಇಬ್ಬರೂ ಕೂಡಿ ಸುಟ್ಟ ಸುಣ್ಣದ ಹರಳು ತುಂಬಿದ ಕಬ್ಬಿಣದ ಬಾನಿಯನ್ನು ದರದರನೆ ಎಳೆದು ಗುಮ್ಮಟದ ಬಾಗಿಲಿಗೆ ಅಡ್ಡ ಇಟ್ಟರು. ಚಕ್ಕಡಿ ನಿಲ್ಲುವುದಕ್ಕೂ ದಾವಲಬಿ ಎರಡು ಕೊಡ ನೀರು ಸುರಿಯುವುದಕ್ಕೂ ಸರಿಹೋಯಿತು. ಸುಣ್ಣ ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಬುಸುಗುಟ್ಟಿತು, ಕೊತಕೊತ ಕುದಿಯಿತು, ಬಿಳಿ ಹಬೆ ಎದ್ದು ಬಾಗಿಲು ಕಾಣದಾಯಿತು.

"ಈಗ ದಾಟಬ್ಯಾಡ್ರಿ ಸಾವ್ಕಾರ್ರ," ಎಂದಳು. "ಸಿಡದ್ರ ಕಣ್ಣಿಗೆ ಘಾತ ಆಗತೈತಿ."

ಎಷ್ಟು ಹೊತ್ತು ಎಂದು ಬಸಣ್ಣ ಕೇಳಿದ. ಸುಣ್ಣ ಮತ್ತು ಅಳಿಯ, ಸಿಟ್ಟು ಇಳಿಯುವ ತನಕ ಕಾಯಬೇಕಷ್ಟೇ ಎಂದಳು ದಾವಲಬಿ. ಬಸಣ್ಣನಿಗೆ ಮೂವರು ಅಳಿಯಂದಿರು. ಅವನು ತಲೆಯಾಡಿಸಿ ಬೇವಿನ ಗಿಡದ ಕೆಳಗೆ ಹೋಗಿ ಕೂತ. ಗುರವ್ವ ಓಡಿಹೋಗಿ ತನ್ನ ಮನೆಯಿಂದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಡಿಗೆ ತುಂಬ ಮಜ್ಜಿಗೆ ತಂದಳು. ಉಂಡು ಮಜ್ಜಿಗೆ ಕುಡಿದ ಬಸಣ್ಣನಿಗೆ ನೆರಳಿನಲ್ಲಿ ಕಣ್ಣು ಹತ್ತಿತು.

ಬೀರಣ್ಣ ಮಾತ್ರ ಬಾಗಿಲ ಕಡೆಗೇ ಇಣುಕುತ್ತಿದ್ದ. ಸುಣ್ಣ ತಣ್ಣಗಾಗುತ್ತಲೇ ದಾವಲಬಿ ಬಾನಿ ಸರಿಸಿ ಅವನೊಬ್ಬನನ್ನೇ ಒಳಗೆ ಕರೆದಳು. ಗುರವ್ವ ಈ ಸಲ ಬಾಯಿ ಮುಚ್ಚಿಕೊಂಡು ಕನ್ನಡಿ ಹಿಡಿದಳು. ದ್ರಾಕ್ಷಿ ಬಳ್ಳಿ ನೆಲದ ಹತ್ತಿರ ಹುಟ್ಟಿ, ಕಮಾನು ಏರಿ, ಆ ಬದಿಗೆ ಇಳಿಯುವ ತನಕ ಬಿಸಿಲು ಅದರ ಜೊತೆಗೇ ಹೋಯಿತು. ಬೀರಣ್ಣ ಬೆರಳನ್ನು ಗೋಡೆಯಿಂದ ಗೇಣುದ್ದ ದೂರದಲ್ಲಿ ಹಿಡಿದು, ಗಾಳಿಯಲ್ಲೇ ಆ ಬಳ್ಳಿಯನ್ನು ಎಳೆದು ನೋಡಿದ. ಅರ್ಧಕ್ಕೆ ಗೆರೆ ತಪ್ಪಿತು. ಮತ್ತೆ ಮೊದಲಿನಿಂದ ಎಳೆದ.

"ಇದು ಒಂದ ಉಸರಿನಾಗ ಎಳದ ಗೆರಿ," ಎಂದ ಕೊನೆಗೆ. "ಇದರ ಬಾಜೂಕ ನನ್ನ ಡಬ್ಬಿ ಬಣ್ಣ ಇಟ್ರ ಮೊದಲ ನನಗ ತಿನ್ನಾಕ ಅನ್ನ ಸೇರೂದಿಲ್ಲಬೇ."

ಅವನೇ ಹೋಗಿ ಬಸಣ್ಣನನ್ನು ಎಬ್ಬಿಸಿ ಹೇಳಿದ. ಬಸಣ್ಣ ಮೊದಲು ಸಿಡುಕಿದ, ಆಮೇಲೆ ಒಳಗೆ ಬಂದು ಬೀರಣ್ಣ ತೋರಿಸಿದ್ದನ್ನು ನೋಡಿದ. ಅವನಿಗೆ ಗೆರೆ ಗಿರೆ ತಿಳಿಯಲಿಲ್ಲ. ಆದರೆ ತಾನು ಕರೆಸಿದ ಕಸುಬುದಾರ ಆಗುವುದಿಲ್ಲ ಎಂದ ಮೇಲೆ ಅದು ಆಗುವುದಿಲ್ಲ ಎಂಬುದು ತಿಳಿಯಿತು. ಹಾಗಾದರೆ ನಾನು ಈ ಅಜ್ಜನಿಗೆ ಏನು ಮಾಡಲಿ ಎಂದು ದಾವಲಬಿಯನ್ನೇ ಕೇಳಿದ. ಬಾವಲಿಗಳು ಒಳಗೆ ಬಂದು ಗೋಡೆ ಹೊಲಸು ಮಾಡುತ್ತವೆ, ಆಡುಗಳು ಬಂದು ಮೈ ತಿಕ್ಕುತ್ತವೆ, ಈ ಬಾಗಿಲಿಗೆ ಒಂದು ಕದ ಇದ್ದರೆ ಪುಣ್ಯ ಎಂದಳು. ವಾರ ಕಳೆಯುವುದರೊಳಗೆ ತಂತಿಯ ಜಾಳಿಗೆ ಹೊಡೆದ ಸಾಗವಾನಿ ಕದ ಬಂತು. ತಂದ ಬಣ್ಣ ದಂಡವಾಗಬಾರದೆಂದು ಬೀರಣ್ಣ ಒಂದು ಹಲಗೆಯ ಮೇಲೆ 'ಒಳಗ ಬರ್ರಿ, ನೋಡ್ರಿ, ಗ್ವಾಡಿ ಮುಟ್ಟಬ್ಯಾಡ್ರಿ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಸುತ್ತ ದ್ರಾಕ್ಷಿ ಬಳ್ಳಿ ಎಳೆಯಲು ಹೋಗಿ, ಎರಡು ಕಡೆ ಸೊಟ್ಟ ಮಾಡಿದ.

ತಿರುಗಿ ಬಂದ ರಾಚಪ್ಪನವರು ಗುರವ್ವನ ಬಾಯಿಂದ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಬಾಗಿಲ ಚೌಕಟ್ಟಿನ ಒಳಬದಿಗೆ ಸುಣ್ಣ ಸಿಡಿದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದರು. ಸಿಡಿದಿತ್ತು. ದಾವಲಬಿ ಆವತ್ತೇ ತೆಗೆದಿದ್ದಳು, ಆದರೂ ಒಂದು ಚುಕ್ಕೆ ಉಳಿದುಹೋಗಿತ್ತು. ಅದನ್ನು ಅವರು ತೋರಿಸಿದರು, ಅವಳು ಚಾಕು ತೆಗೆದುಕೊಂಡಳು.

ಆ ವರ್ಷದ ಉರುಸಿಗೆ ಬಂದವರು ಹೊರಗಿನ ಬಿಳಿ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಡುತ್ತಿದ್ದರು. ಹಿಂದಿನವರು ಮುಂದಿನವರನ್ನು ತಳ್ಳಬೇಕಾಗುತ್ತಿತ್ತು. ಪೀರಬಿ ಬಾಗಿಲ ಹತ್ತಿರ ಕೂತು ಗದರಿಸಿ ಸಾಲು ಹಚ್ಚಿದಳು. ಮುಂದೆ ಊರಿನ ಹೆಂಗಸರು ಹೊಲಿದ ಕೌದಿಗಳಲ್ಲಿ ದಾಳಿಂಬೆ ಕೊಂಬೆ ಬಂತು, ಹೂದಾನಿ ಬಂತು.

ದಾವಲಬಿಯ ಕೈ ರಾಚಪ್ಪನವರಿಗೆ ಬೇಕಾಯಿತು. ಕೆಲವು ವರ್ಷ, ಮನೆಗಳ ಸುಣ್ಣದ ಕೆಲಸ ಇಲ್ಲದ ಕಾಲಕ್ಕೆ, ಜೀಪು ಬಂದು ಅವಳನ್ನೂ ಗುರವ್ವನನ್ನೂ ಕರೆದೊಯ್ದಿತು. ಒಂದು ಸಲ ಇಂಡಿ ಕಡೆಗೆ, ತಾಂಬಾದ ಆಚೆ, ಒಂದು ಪಾಳು ಗೋರಿಗೆ ಹೋದರು. ಪದರು ಮೇಲೆ ಪದರು ಬಿಡಿಸಿದರು, ಕೊನೆಗೆ ಸಿಕ್ಕದ್ದು ಬರೀ ಕಲ್ಲು. ರಾಚಪ್ಪನವರ ಮುಖ ಸಣ್ಣದಾಯಿತು. ಕಲ್ಲಿಗಾದರೂ ಗಾಳಿ ಸಿಕ್ಕಿತಲ್ಲ ಎಂದು ದಾವಲಬಿ ನಕ್ಕಳು, ಎಲ್ಲರೂ ನಕ್ಕು ಗಂಟು ಕಟ್ಟಿದರು.

ತಿರುಗಿ ಬರುವಾಗ ಸಂಜೆಯಾಗಿತ್ತು, ಹಾದಿಯಲ್ಲಿ ಮನಗೂಳಿ. ತವರು ಬಾಗಿಲಿಗೆ ಜೀಪು ಬಂದು ನಿಂತದ್ದು ಕಂಡು ದಾವಲಬಿಯ ತಮ್ಮ ಪೊಲೀಸರೆಂದು ಹಿತ್ತಲ ಬಾಗಿಲಿಂದ ಹೊರಬಿದ್ದ. ಅವನನ್ನು ಹುಡುಕಿ ತರಲು ಗುರವ್ವ ಹೋಗಬೇಕಾಯಿತು. ತಾಯಿ ಸೈದಾಬಿ ಹೊರಸು ಹಾಕಿ ಕೂಡಿಸಿ, ಚಹಾ ಕೊಟ್ಟು, ತನ್ನ ಮಗಳು ಸರಕಾರದವರ ಹತ್ತಿರ ಏನು ಕೆಲಸ ಮಾಡುತ್ತಾಳೆಂದು ವಿಚಾರಿಸಿದಳು. ಹಳೆಯ ಗೋಡೆಗಳ ಸುಣ್ಣ ಬಿಡಿಸುತ್ತಾಳೆ ಎಂದರು ರಾಚಪ್ಪನವರು.

ಸೈದಾಬಿ ಮಗಳ ಮುಖ ನೋಡಿದಳು, ಸಾಹೇಬರ ಮುಖ ನೋಡಿದಳು. "ಯಾಕ್ರಿ, ಹಚ್ಚಾಕ ಬರಾಂಗಿಲ್ಲಂತ ಬಿಡಸಾಕ ಇಟ್ಟೀರೇನು?"

ರಾತ್ರಿ ಎಲ್ಲರೂ ಅಲ್ಲೇ ಉಳಿದರು. ಬೆಳಿಗ್ಗೆ ಜೀಪು ಹೊರಡಲು ಅಣಿಯಾಯಿತು. ಡ್ರೈವರ ಹಾರ್ನು ಹೊಡೆದ, ಗುರವ್ವ ಒಳಗೆ ಹತ್ತಿ ಕೂತಳು, ರಾಚಪ್ಪನವರು ಕೈಗಡಿಯಾರ ನೋಡಿಕೊಂಡರು. ದಾವಲಬಿ ಬರಲಿಲ್ಲ. ಹೋಗಿ ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆನ್ನೆಯ ಮೇಲೆಲ್ಲ ಬಿಳಿ ಹನಿ ಸಿಡಿಸಿಕೊಂಡು, ತಾಯಿಯ ಅಡಿಗೆಮನೆಯ ಮೂರನೆಯ ಗೋಡೆಗೆ ಸುಣ್ಣ ಹಚ್ಚುತ್ತಿದ್ದಾಳೆ. ಇನ್ನೊಂದು ಗೋಡೆ ಉಳಿದಿದೆ ಸಾಹೇಬ್ರ, ಚಹಾ ಕುಡಿಯಿರಿ ಎಂದಳು. ರಾಚಪ್ಪನವರು ಹೊಸ್ತಿಲ ಮೇಲೆ ಕೂತು ಚಹಾ ಕೇಳಿದರು.